ಕೋಟೆ ಗೋಡೆಯೊಳಗಿನ ಬೀರು

ಫೆಬ್ರವರಿ 4

ಕೋಟೆ ಗೋಡೆ ದುರಸ್ತಿ ಕಚೇರಿಯ ಮಾನ್ಯ ಮೇಲ್ವಿಚಾರಕರಿಗೆ,

ತಾವು ಕಳುಹಿಸಿದ ನೋಟಿಸು ತಲುಪಿತು. ನಮ್ಮ ಅಡುಗೆಮನೆ ಕೋಟೆ ಗೋಡೆಗೆ ಒರಗಿಕೊಂಡಿದೆ, ಆದ್ದರಿಂದ ಅದು ಒತ್ತುವರಿ, ಕ್ರಮಸಂಖ್ಯೆ ಹದಿನಾಲ್ಕು, ಜೂನ್ ಮೂವತ್ತರೊಳಗೆ ಕೆಡವತಕ್ಕದ್ದು ಎಂದು ಅದರಲ್ಲಿದೆ. ಕೆಳಗೆ ತಮ್ಮ ಸಹಿ ಇದೆ. ಕೊನೆಯ ಅಕ್ಷರಕ್ಕೆ ಇಲಿಯ ಬಾಲದಂತೆ ಉದ್ದ ಎಳೆದ ಆ ಸಹಿಯನ್ನು ಗುರುತು ಹಿಡಿಯಲು ನನಗೆ ಕನ್ನಡಕ ಬೇಕಾಗಲಿಲ್ಲ. ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ನಾನೇ. ಬಾಲ ಬೇಡ ಎಂದು ಆಗಲೇ ಹೇಳಿದ್ದೆ.

ತಾವು ನನ್ನ ಒಡಹುಟ್ಟಿದ ತಮ್ಮ ಎಂಬ ವಿಷಯ ಕಚೇರಿಯ ಕಡತದಲ್ಲಿ ಇದೆಯೋ ಇಲ್ಲವೋ ತಿಳಿಯದು. ಒತ್ತುವರಿ ಎಂದು ಬರೆದಿದ್ದೀರಲ್ಲ, ಅದೇ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಉಂಡಿದ್ದೀರಿ. ಆಗ ಯಾವ ನಂಬರೂ ಕಾಣಿಸಿರಲಿಲ್ಲ.

ಇಂದಿನಿಂದ ತಮ್ಮ ಜೊತೆ ಮಾತು ಬಿಟ್ಟಿದ್ದೇನೆ. ಫೋನು ಮಾಡಿದರೆ ಎತ್ತುವುದಿಲ್ಲ. ಹೊಸಿಲು ತುಳಿದರೆ ನನ್ನ ಕೈಯಲ್ಲಿ ಕತ್ತರಿ ಇರುತ್ತದೆ. ನಾನು ಟೈಲರ್ ಎಂಬುದು ನೆನಪಿರಲಿ. ಬರವಣಿಗೆ ಮಾತ್ರ ಬಿಟ್ಟಿಲ್ಲ, ಏಕೆಂದರೆ ಉತ್ತರವನ್ನು ಬರೆದೇ ಕೊಡಬೇಕೆಂದು ನೋಟಿಸಿನಲ್ಲಿದೆ. ನನ್ನದು ಒಂದೇ ಪ್ರಶ್ನೆ. ಒಂದು ಅಡುಗೆಮನೆ ಒರಗಿದರೆ ಅಷ್ಟು ದೊಡ್ಡ ಗೋಡೆಗೆ ಏನು ಕಷ್ಟ?

ಇಂತಿ,
ಒತ್ತುವರಿ ಹದಿನಾಲ್ಕು


ಫೆಬ್ರವರಿ 9

ಅಕ್ಕಾ,

ಬೈಯುವುದಾದರೆ ‘ನೀನು’ ಎಂದೇ ಬೈ. ‘ತಾವು’ ಎಂದು ಓದಿ, ಹಿಂದೆ ಬೇರೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದೆ.

ನಿನ್ನ ಅಡುಗೆಮನೆಗೂ ಗೋಡೆಯಾಚೆಗಿನ ನನ್ನ ಕೋಣೆಗೂ ನಡುವೆ ಇರುವುದು ಹತ್ತೇ ಅಡಿ. ನಿನ್ನ ಕಾಗದ ತರಲು ಅಂಚೆಯಣ್ಣ ಹೆಬ್ಬಾಗಿಲು ಸುತ್ತಿ ಎರಡು ಮೈಲಿ ನಡೆದ. “ಅಕ್ಕ ತಮ್ಮ ಏನಾದ್ರೂ ಜಗಳ ಆಡ್ಕೊಳ್ಳಿ, ನನ್ನ ಮಂಡಿ ಏನ್ ಪಾಪ ಮಾಡಿತ್ತು?” ಎಂದು ಕೇಳಿದ.

ಮೂವತ್ತೊಂದು ಒತ್ತುವರಿಗಳ ಪಟ್ಟಿ ಮಾಡಬೇಕಿತ್ತು, ಮಾಡಿದೆ. ಹದಿಮೂರರಿಂದ ಹದಿನೈದಕ್ಕೆ ಹಾರಿದ್ದರೆ ಕ್ಷೌರದಂಗಡಿಯವನು ಸುಮ್ಮನಿರುತ್ತಿದ್ದನೇ? ಅವನದೇ ಹದಿಮೂರು. ನಿನ್ನ ನಂಬರನ್ನು ಎರಡು ಸಲ ಹೊಡೆದು ಹಾಕಿ ಮೂರನೇ ಸಲ ಬರೆದೆ.

ನೀನು ಕೇಳಿದ್ದಕ್ಕೆ ಉತ್ತರ. ಕೋಟೆ ಗೋಡೆ ಎಂದರೆ ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಕಲ್ಲಿನ ಮುಖ, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ ತುಂಬಿದ ಹೊಟ್ಟೆ. ಹೊರಗಿನಿಂದ ಗುಂಡು ಬಿದ್ದರೆ ಹೊಟ್ಟೆ ಆ ಏಟನ್ನು ನುಂಗಿಕೊಳ್ಳುತ್ತದೆ. ಬುಡ ಇಳಿಜಾರಾಗಿ ದಪ್ಪಗಿರುವುದು, ಮೇಲಿಂದ ಉರುಳಿಸಿದ ಕಲ್ಲು ಅಲ್ಲಿ ಬಡಿದು ಶತ್ರುವಿನ ಮುಖಕ್ಕೆ ಚಿಮ್ಮಲಿ ಎಂದು. ಕೊತ್ತಲಗಳು ಮುಂದಕ್ಕೆ ಉಬ್ಬಿರುವುದು ಅಂದಕ್ಕಲ್ಲ, ಗೋಡೆಯ ಬುಡದಲ್ಲಿ ಬಂದು ಅಡಗಿದವನನ್ನು ಪಕ್ಕದಿಂದ ಹೊಡೆಯಲಿಕ್ಕೆ. ಕಿಂಡಿ ಒಳಗೆ ಅಗಲ, ಹೊರಗೆ ಕಿರಿದು. ಒಳಗಿನವನಿಗೆ ಇಡೀ ಬಯಲು ಕಾಣಬೇಕು, ಹೊರಗಿನವನಿಗೆ ಒಳಗಿನವನ ಮೂಗೂ ಕಾಣಬಾರದು. ಇನ್ನು ಒಳಮುಖದ ಉದ್ದಕ್ಕೂ ಆರು ಅಡಿ ಜಾಗ ಖಾಲಿ ಬಿಟ್ಟಿರುತ್ತಾರೆ. ಎಲ್ಲಿ ದಾಳಿಯಾಗುತ್ತದೋ ಅಲ್ಲಿಗೆ ಸೈನಿಕರು ಓಡಬೇಕಲ್ಲ. ನಿನ್ನ ಅಡುಗೆಮನೆ ಇರುವುದು ಸರಿಯಾಗಿ ಆ ಓಡುವ ದಾರಿಯಲ್ಲಿ.

ನಿನ್ನ ತಮ್ಮ,
ಕಚೇರಿಯ ಹೊತ್ತಿನಲ್ಲಿ ಮಾತ್ರ ಮೇಲ್ವಿಚಾರಕ


ಫೆಬ್ರವರಿ 20

ಮಾನ್ಯ ಮೇಲ್ವಿಚಾರಕರಿಗೆ,

ಸೈನಿಕರ ವಿಷಯ ಓದಿ ಗಾಬರಿಯಾಯಿತು. ಅರವತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ. ಇಷ್ಟು ದಿನದಲ್ಲಿ ಒಬ್ಬ ಸೈನಿಕನೂ ಓಡಿ ಬಂದು “ಸ್ವಲ್ಪ ಒಲೆ ಸರಿಸ್ತೀರಾ ಅಮ್ಮ” ಅಂದಿಲ್ಲ. ಬಂದರೆ ಸರಿಸುತ್ತೇನೆ, ಬರೆದುಕೊಳ್ಳಿ.

ದಾಳಿ ಮಾಡುವವರು ಯಾರೆಂದೂ ತಾವು ತಿಳಿಸಿಲ್ಲ. ನನಗೆ ಗೊತ್ತಿರುವಂತೆ ನಮ್ಮ ಮನೆಯ ಮೇಲೆ ಆಗಿರುವ ದಾಳಿ ಒಂದೇ, ಅದು ತಮ್ಮ ನೋಟಿಸು. ಅದು ಗೋಡೆ ಹತ್ತಿ ಬರಲಿಲ್ಲ, ಹೆಬ್ಬಾಗಿಲಿನಿಂದಲೇ ಅಂಚೆಯಣ್ಣನ ಚೀಲದಲ್ಲಿ ಬಂತು. ಕಿಂಡಿಯ ವಿಚಾರಕ್ಕೆ ಬಂದರೆ, ನಮ್ಮ ಒಲೆಯ ಹೊಗೆಗೆ ಅದಕ್ಕಿಂತ ಒಳ್ಳೆಯ ದಾರಿಯನ್ನು ಯಾವ ಮೇಸ್ತ್ರಿಯೂ ಕಟ್ಟಿಕೊಡಲಾರ. ಬಾಣ ಹೋಗುತ್ತಿದ್ದ ಕಡೆ ಹೊಗೆ ಹೋಗುತ್ತದೆ.

ಇನ್ನು ಮುಖ್ಯ ವಿಷಯ. ಗೋಡೆಯ ಹೊರಗೆ ಕಂದಕ ಇತ್ತು, ಕಂದಕದ ತುಂಬ ನೀರು, ನೀರಿನಲ್ಲಿ ಮೊಸಳೆ ಎಂದು ಅಪ್ಪ ಹೇಳುತ್ತಿದ್ದರು. ಆ ಕಂದಕವನ್ನು ಮುಚ್ಚಿ ಕಚೇರಿಯವರು ತಮಗೆ ವಾಸದ ಕೋಣೆ ಕಟ್ಟಿಕೊಟ್ಟಿದ್ದಾರೆ. ಮೊಸಳೆ ಇರಬೇಕಾದ ಜಾಗದಲ್ಲಿ ತಾವು ಮಂಚ ಹಾಕಿಕೊಂಡು ಮಲಗಿದ್ದೀರಿ. ಅದಕ್ಕೆ ಪಟ್ಟಿಯಲ್ಲಿ ಯಾವ ನಂಬರು ಕೊಟ್ಟಿದ್ದೀರಿ?

ಇದನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ದಿನಕ್ಕೆ ನಾಲ್ಕೇ ಮಾತು ಆಡುವ ಮನುಷ್ಯ, ಅವರೂ ನಕ್ಕರು.

ಇಂತಿ,
ಒತ್ತುವರಿ ಹದಿನಾಲ್ಕು


ಮಾರ್ಚ್ 18

ಅಕ್ಕಾ,

ಮೊಸಳೆಗೆ ಪಟ್ಟಿಯಲ್ಲಿ ನಂಬರು ಹುಡುಕುತ್ತಿದ್ದೆ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಕ್ಷೌರದಂಗಡಿ ಕೆಡವಿದ್ದಾಯಿತು. ಅವನು ಹೆಬ್ಬಾಗಿಲ ಕೆಳಗೆ ಕುರ್ಚಿ ಹಾಕಿಕೊಂಡು ಮೊದಲಿಗಿಂತ ಹೆಚ್ಚು ತಲೆ ಬೋಳಿಸುತ್ತಿದ್ದಾನೆ. ಆದರೆ ಅಂಗಡಿ ಇದ್ದ ಕಡೆ ಗೋಡೆ ಒಳಕ್ಕೆ ನಾಲ್ಕು ಬೆರಳು ಉಬ್ಬಿದೆ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನಾನೇ ನೋಡಿದೆ. ಇಷ್ಟು ದಿನ ಅಂಗಡಿ ಗೋಡೆಗೆ ಒರಗಿತ್ತೋ ಗೋಡೆ ಅಂಗಡಿಗೆ ಒರಗಿತ್ತೋ ಗೊತ್ತಾಗುತ್ತಿಲ್ಲ. ನಮ್ಮ ಕಚೇರಿಯ ಸಾಹೇಬರಿಗೆ ಹೇಳಿದೆ. “ನೋಡೋಣ” ಎಂದರು.

ನೀನು ಮಾತು ಬಿಟ್ಟರೂ ನಿನ್ನ ಕಿಂಡಿ ಬಿಟ್ಟಿಲ್ಲ. ಬೆಳಿಗ್ಗೆ ಎಂಟಕ್ಕೆ ಈರುಳ್ಳಿ ಹುರಿಯುತ್ತೀಯ. ಮಂಗಳವಾರ ಸೀದಿಸಿದೆ. ಭಾನುವಾರ ಏನೂ ವಾಸನೆ ಬರಲಿಲ್ಲ. ನಿನಗೆ ಹುಷಾರಿಲ್ಲವೇನೋ ಎಂದು ಇಡೀ ದಿನ ಕಿಂಡಿಯ ಕೆಳಗೇ ಸುತ್ತಾಡಿದೆ. ಸೋಮವಾರ ಮತ್ತೆ ಈರುಳ್ಳಿ ಬಂತು. ಆಮೇಲೆ ಕೆಲಸಕ್ಕೆ ಹೋದೆ.

ತಮ್ಮ


ಏಪ್ರಿಲ್ 3

ಅಕ್ಕಾ,

ಇದಕ್ಕಾದರೂ ತಕ್ಷಣ ಉತ್ತರ ಬರಿ. ನಿನ್ನೆ ಹನ್ನೊಂದು ಗಂಟೆಗೆ ಒಳಗಿನಿಂದ ಗೋಡೆಗೆ ಬಡಿದವಳು ನೀನೇನಾ?

ಕ್ಷೌರದಂಗಡಿಯ ಕಡೆ ಉಬ್ಬಿದ ಮೇಲೆ, ಉಳಿದ ಗೋಡೆಯನ್ನೂ ಪರೀಕ್ಷೆ ಮಾಡೋಣ ಎಂದು ಸಾಹೇಬರು ಬಂದಿದ್ದರು. ಮರದ ಸುತ್ತಿಗೆಯಲ್ಲಿ ತಟ್ಟಿ ಕಿವಿ ಕೊಡುವುದು. ಗಟ್ಟಿ ಗೋಡೆ ದಪ್ ಎನ್ನುತ್ತದೆ, ಟೊಳ್ಳು ಗೋಡೆ ಗುಂಯ್ ಎನ್ನುತ್ತದೆ. ನಿನ್ನ ಅಡುಗೆಮನೆಯ ನೇರಕ್ಕೆ ಬಂದು ಮೂರು ಸಲ ತಟ್ಟಿದೆ. ಗುಂಯ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಒಳಗಿನಿಂದ ಟಕ್ ಟಕ್ ಟಕ್ ಎಂದು ಉತ್ತರ ಬಂತು.

ಸಾಹೇಬರ ಮುಖ ಬಿಳಿಚಿಕೊಂಡಿತು. “ಏನ್ರೀ ಅದು?”

“ಪ್ರತಿಧ್ವನಿ ಸಾರ್.”

“ಪ್ರತಿಧ್ವನಿ ಅರ್ಧ ನಿಮಿಷ ಯೋಚನೆ ಮಾಡಿ ಬರುತ್ತೇನ್ರೀ? ಇನ್ನೊಂದ್ಸಲ ತಟ್ಟಿ.”

ಬೇಕೆಂದೇ ಮೆತ್ತಗೆ ತಟ್ಟಿದೆ. ಒಳಗಿನಿಂದ ಮೊದಲಿಗಿಂತ ಜೋರಾಗಿ ಬಂತು, ಬೈದ ಹಾಗೆ. ಸಾಹೇಬರು ಅಲ್ಲೇ ನಿಂತು “ಗುಪ್ತ ಕೋಣೆ! ಗುಪ್ತ ಕೋಣೆ ಇದು!” ಎಂದು ಯಾರೋ ಪ್ರೊಫೆಸರರಿಗೆ ಫೋನು ಮಾಡಿದರು.

ಅಕ್ಕಾ, ಆ ಬೀರು ಇನ್ನೂ ಹಾಗೇ ಇದೆಯಾ?

ತಮ್ಮ


ಏಪ್ರಿಲ್ 6

ತಮ್ಮಾ,

ಬಡಿದವಳು ನಾನೇ, ಸೌಟಿನಲ್ಲಿ. ನೀನು ಆಚೆ ಕಂದಕದಲ್ಲಿ ಆಡಿಕೊಂಡಿದ್ದಾಗ ಅಮ್ಮ ಮೂರು ಸಲ ಬಡಿಯುತ್ತಿದ್ದಳು, ಮೂರು ಸಲ ಅಂದರೆ ಊಟಕ್ಕೆ ಬಾ ಎಂದು. ಆಚೆಯಿಂದ ಮೂರು ಏಟು ಕೇಳಿದಾಗ ಕೈ ತಾನೇ ತಾನಾಗಿ ಹೋಯಿತು. ಕ್ಷಮಿಸಿಬಿಟ್ಟಿದ್ದೇನೆ ಎಂದುಕೊಳ್ಳಬೇಡ. ಎರಡನೇ ಸಲ ಬಡಿದದ್ದು ಸಿಟ್ಟಿನಿಂದಲೇ.

ಬೀರು ಇರದೆ ಎಲ್ಲಿಗೆ ಹೋಗುತ್ತದೆ? ಅಜ್ಜಿ ದೀಪ ಇಡಲು ಒಂದು ಕಲ್ಲು ತೆಗೆದಳು. ಅಮ್ಮ ಡಬ್ಬಿಗಳಿಗೆಂದು ಇನ್ನೆರಡು ತೆಗೆದು ಒಳಗಿನ ಚೂರುಗಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದಳು. ನಾನು ಬಟ್ಟೆಯ ಥಾನುಗಳಿಗೆ ಜಾಗ ಮಾಡಿಕೊಂಡೆ. ಎಲ್ಲರಿಗಿಂತ ಹೆಚ್ಚು ಕೊರೆದವನು ನೀನು. ಒಂಬತ್ತನೇ ವಯಸ್ಸಿನಲ್ಲಿ, ಹೆಬ್ಬಾಗಿಲು ಸುತ್ತುವುದು ತಪ್ಪಲಿ ಎಂದು ಚಮಚದಲ್ಲಿ ಎರಡು ಅಡಿ ತೋಡಿದೆ. ಈ ಗೋಡೆಯ ಹೊಟ್ಟೆ ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿದ್ದರೆ ಶತ್ರುಗಳು ಫಿರಂಗಿ ಬಿಟ್ಟು ಚಮಚ ಹಿಡಿದೇ ಬರುತ್ತಿದ್ದರು. ಈಗ ಅದು ಆರು ಅಡಿ ಆಳ ಇದೆ. ಹಾಗೆ ಕೊರೆದವನನ್ನೇ ಗೋಡೆ ಕಾಯಲು ಇಟ್ಟಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಗಡಿಬಿಡಿಯಲ್ಲಿ ‘ನೀನು’ ಎಂದು ಬರೆದುಬಿಟ್ಟಿದ್ದೇನೆ. ಹೊಡೆದು ಹಾಕಿದರೆ ಕಾಗದ ಹಾಳಾಗುತ್ತದೆ, ಇರಲಿ.

ಒತ್ತುವರಿ ಹದಿನಾಲ್ಕು


ಏಪ್ರಿಲ್ 27

ತಮ್ಮಾ,

ನಿಮ್ಮ ಪ್ರೊಫೆಸರರು ಬಂದಿದ್ದರು. ನೀನು ಹೊಸಿಲ ಆಚೆಯೇ ನಿಂತಿದ್ದೆ, ನೋಡಿದೆ. ಒಳಗೆ ನಡೆದದ್ದನ್ನು ಕೇಳು.

ನನ್ನ ಥಾನುಗಳನ್ನು, ಡಬ್ಬಿಗಳನ್ನು ಹೊರಗಿಡಿಸಿ, ಟಾರ್ಚು ಹಿಡಿದು ಬೀರಿನೊಳಗೆ ಹೋದರು. ಬಾಯಿಯ ಪಕ್ಕದ ಕಲ್ಲಿನಲ್ಲಿ ಒಂದರ ಮೇಲೊಂದು ಗೀಚಿದ ಗೆರೆಗಳಿವೆಯಲ್ಲ, ಅದನ್ನು ಕಂಡು ಉಸಿರು ಬಿಗಿಹಿಡಿದರು. “ಮುತ್ತಿಗೆ!” ಎಂದರು. “ಕಾವಲುಗಾರರು ಇಲ್ಲಿ ಅಡಗಿಕೊಂಡು ಮುತ್ತಿಗೆಯ ದಿನಗಳನ್ನ ಎಣಿಸಿದಾರೆ. ಇಪ್ಪತ್ತಮೂರು ದಿನ!”

ಅದು ಅಮ್ಮ ವರ್ಷಕ್ಕೊಮ್ಮೆ ನಮ್ಮಿಬ್ಬರನ್ನೂ ನಿಲ್ಲಿಸಿ ಎತ್ತರ ಅಳೆದ ಗುರುತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೆಳಗೆ ನೀನು ಮೊಳೆಯಲ್ಲಿ ಗೀಚಿದ ಹೆಸರನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅರ್ಧ ಅಳಿಸಿದೆ, ಬಾಲ ಮಾತ್ರ ಚೆನ್ನಾಗಿ ಉಳಿದಿದೆ. ಅವರ ಪ್ರಕಾರ ಅದು ದಳಪತಿಯ ಮುದ್ರೆ. ಕೊನೆಗೆ ಎದ್ದು ನಿಂತು, “ಈ ಅಡುಗೆಮನೇನ ಯಾರೂ ಮುಟ್ಟೋ ಹಾಗಿಲ್ಲ” ಎಂದರು. ನಾನು ತೆರೆದ ಬಾಯಿ ಮುಚ್ಚಿಕೊಂಡು ಟೀ ಕೊಟ್ಟೆ.

ದಳಪತಿಗಳಿಗೆ ನಮಸ್ಕಾರ. ಊರು ಸೂರೆ ಹೋಗುವ ಮುಂಚೆಯೇ ನಮ್ಮ ಕೋಟೆ ಉಳಿಯಿತು.

ಅಕ್ಕ (ಇನ್ನೂ ಮಾತು ಬಿಟ್ಟಿರುವವಳು)


ಮೇ 12

ಅಕ್ಕಾ,

ನಾಳೆಯೋ ನಾಡಿದ್ದೋ ನಿನಗೆ ಎರಡನೇ ನೋಟಿಸು ಬರುತ್ತದೆ. ಅದು ಬರುವ ಮೊದಲು ಇದನ್ನು ಓದು. ಇದಕ್ಕೆ ನಾನು ಸಹಿ ಹಾಕಲಿಲ್ಲ, ಸಾಹೇಬರೇ ಹಾಕಿದರು.

ಅಡುಗೆಮನೆ ಕೆಡವುವುದಿಲ್ಲ. ಆದರೆ ಗುಪ್ತ ಕೋಣೆಯನ್ನು ಜನ ಬಂದು ನೋಡಬೇಕಂತೆ. ಅದಕ್ಕೆ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ, ಟಿಕೆಟ್ ಕೊಡುವ ಜಾಗ ಬೇಕಂತೆ. ಹಾಗಾಗಿ ಇಡೀ ಮನೆಯನ್ನೇ ಕಚೇರಿ ತೆಗೆದುಕೊಳ್ಳುತ್ತದೆ. ನಿಮಗೆ ಊರಾಚೆ ಮೂರನೇ ಮಹಡಿಯಲ್ಲಿ ಎರಡು ಕೋಣೆ ಕೊಡುತ್ತಾರೆ. ಮೊದಲು ಅಡುಗೆಮನೆ ಒಂದೇ ಹೋಗುತ್ತಿತ್ತು, ಈಗ ಮನೆಗೆ ಮನೆಯೇ ಹೋಗುತ್ತದೆ.

ನಿಜ ಹೇಳಿಬಿಡಲೇ?

ತಮ್ಮ


ಮೇ 15

ತಮ್ಮಾ,

ನಾನೇ ಹೋಗಿ ಹೇಳಿದೆ. ಪ್ರೊಫೆಸರರ ಮುಂದೆ ನಿಂತು, ಅದು ನಮ್ಮ ಅಮ್ಮ ಗೀಚಿದ್ದು, ಮೇಲಿನ ಗೆರೆ ನನ್ನದು, ಪಕ್ಕದ್ದು ತಮ್ಮನದು ಎಂದೆ. ಅವರು ಮಗುವನ್ನು ನೋಡಿದ ಹಾಗೆ ನನ್ನನ್ನು ನೋಡಿ ನಕ್ಕರು. “ಹಳೇ ಜಾಗಗಳ ಸುತ್ತ ಇಂಥ ಕಥೆಗಳು ಹುಟ್ಕೊಳ್ಳೋದು ಸಹಜ ತಾಯಿ” ಎಂದು ನಾನು ಹೇಳಿದ್ದನ್ನೂ ಬರೆದುಕೊಂಡರು. ಪುಸ್ತಕದಲ್ಲಿ ಹಾಕುತ್ತಾರಂತೆ.

ನೀನು ಹೇಳಬೇಡ. ಗೋಡೆ ಕಾಯುವವನೇ ಗೋಡೆ ಕೊರೆದವನು ಎಂದು ಗೊತ್ತಾದರೆ ನಿನ್ನ ಹುದ್ದೆ ಹೋಗುತ್ತದೆ. ನಿವೃತ್ತಿಗೆ ಇನ್ನು ಎರಡೇ ವರ್ಷ. ನಿನ್ನ ಮೇಲೆ ನನಗೆ ಸಿಟ್ಟಿದೆ, ಆದರೆ ಅಷ್ಟು ಸಿಟ್ಟಿಲ್ಲ.

ಮೂರನೇ ಮಹಡಿಯ ಕೋಣೆ ನೋಡಿ ಬಂದೆವು. ಗೋಡೆಗಳು ಎಷ್ಟು ತೆಳು ಅಂದರೆ ಪಕ್ಕದವರು ಸೀನಿದರೆ ನಾವು ಮುಖ ಒರೆಸಿಕೊಳ್ಳಬೇಕು. ಭಾವ “ಗಾಳಿ ಚೆನ್ನಾಗಿದೆ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬಸ್ಸಿನಲ್ಲಿ ನಾನೂ ಅತ್ತೆ. ಅಲ್ಲಿ ಈರುಳ್ಳಿ ಹುರಿದರೆ ನಿನಗೆ ಗೊತ್ತಾಗುವುದಿಲ್ಲ.

ಅಕ್ಕ


ಜೂನ್ 5

ಅಕ್ಕಾ,

ಹೇಳಿಬಿಟ್ಟೆ.

ಸಾಹೇಬರು, ಪ್ರೊಫೆಸರರು ಇಬ್ಬರೂ ಕಚೇರಿಯಲ್ಲಿದ್ದರು. ಗುಪ್ತ ಕೋಣೆಯ ಫಲಕಕ್ಕೆ ಒಕ್ಕಣೆ ಬರೆಯುತ್ತಿದ್ದರು. ನಾನು ಮೂರು ಸಲ ಕೆಮ್ಮಿ, “ಸಾರ್, ಆ ದಳಪತಿ ನಾನೇ” ಎಂದೆ.

ನಿನ್ನನ್ನು ನೋಡಿ ನಕ್ಕ ಹಾಗೆಯೇ ನನ್ನನ್ನೂ ನೋಡಿ ನಕ್ಕರು. ಆಗ ನಿನ್ನ ಮೊದಲನೇ ಕಾಗದ ನೆನಪಾಯಿತು. ನೋಟಿಸಿನ ಪ್ರತಿ ತೆಗೆದು, ಕಲ್ಲಿನ ಮೇಲಿನ ಮುದ್ರೆಯ ಫೋಟೋ ಪಕ್ಕದಲ್ಲಿಟ್ಟೆ. “ಈ ಬಾಲ ನೋಡಿ ಸಾರ್. ಈ ಬಾಲಾನೂ ನೋಡಿ.” ಪ್ರೊಫೆಸರರು ಭೂತಗನ್ನಡಿ ತೆಗೆದರು. ತುಂಬ ಹೊತ್ತು ನೋಡಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಅವರ ಪಾಡು, ಅದೂ ಬಾಲ ಮಾತ್ರ.

“ಹಾಗಾದ್ರೆ ಇಪ್ಪತ್ತಮೂರು ಗೆರೆ?”

“ಹನ್ನೆರಡು ಅಕ್ಕನದು, ಹನ್ನೊಂದು ನನ್ನದು ಸಾರ್. ಹಿಮ್ಮಡಿ ಎತ್ತಿ ನಿಂತಿದ್ದೆ ಅಂತ ನನ್ನ ಒಂದು ವರ್ಷಾನ ಅಮ್ಮ ಲೆಕ್ಕಕ್ಕೆ ತಗೊಳ್ಳಲಿಲ್ಲ.”

ಅದನ್ನು ಕೇಳಿದ ಮೇಲೆ ಅವರು ನಂಬಿದರು. ಪಾಪ, ಒಳ್ಳೆಯ ಮನುಷ್ಯ. ಎದ್ದು ಹೋಗುವಾಗ ನನ್ನ ಕೈ ಕುಲುಕಿ, ಯಾರಿಗೂ ಹೇಳಬೇಡಿ ಎಂದರು.

ಸಾಹೇಬರು ಮಾತ್ರ ಉರಿದುಬಿದ್ದರು. ಮೇಲ್ವಿಚಾರಕನ ಹುದ್ದೆ ಹೋಯಿತು, ಮೇಜು ಕುರ್ಚಿ ಹೋಯಿತು. ನಿವೃತ್ತಿಯವರೆಗೆ ಬರಿಯ ಮೇಸ್ತ್ರಿ. ಮೊದಲ ಕೆಲಸ, ನಾನು ಕೊರೆದದ್ದನ್ನು ನಾನೇ ತುಂಬಬೇಕು. ಇಡೀ ಮನೆ ಬಿಡುವ ನೋಟಿಸು ರದ್ದಾಗಿದೆ. ಅಡುಗೆಮನೆ ಕೆಡವುವ ನೋಟಿಸು ಹಾಗೇ ಇದೆ, ಜೂನ್ ಮೂವತ್ತಕ್ಕೆ. ಅದಕ್ಕೆ ಏನು ಮಾಡಲಿ ತಿಳಿಯುತ್ತಿಲ್ಲ.

ನಾಡಿದ್ದು ಗಾರೆ ತೆಗೆದುಕೊಂಡು ಬರುತ್ತೇನೆ. ಬಾಗಿಲು ತೆಗೆಯುತ್ತೀಯಾ?

ಮೇಸ್ತ್ರಿ


ಜೂನ್ 6

ಮೇಸ್ತ್ರಿಗೆ ಬಾಗಿಲು ತೆಗೆದಿರುತ್ತದೆ. ತಮ್ಮನ ವಿಷಯ ಜೂನ್ ಮೂವತ್ತು ಕಳೆದ ಮೇಲೆ ನೋಡೋಣ. ಹೇಳಬೇಡ ಎಂದರೂ ಹೇಳಿದ್ದೀಯ, ನಿನ್ನ ಮೊಂಡುತನಕ್ಕೆ ಏನನ್ನಲಿ. ಬೂಟು ಹೊರಗೆ ಬಿಡು.

ಅಕ್ಕ


ಜುಲೈ 2

ಅಕ್ಕಾ,

ಹದಿನೆಂಟು ದಿನ ನಿನ್ನ ಅಡುಗೆಮನೆಯಲ್ಲಿ ಕೆಲಸ ಮಾಡಿದೆ. ನೀನು ಒಂದು ಮಾತೂ ಆಡಲಿಲ್ಲ. “ಆ ಮೇಸ್ತ್ರಿಗೆ ಹೇಳಿ, ಸುಣ್ಣ ಡಬ್ಬಿಗೆ ಹಾರುತ್ತೆ” ಎಂದು ಭಾವನಿಗೆ ಹೇಳುವುದು, ಅವರು ನನ್ನ ಕಡೆ ತಿರುಗಿ “ಸುಣ್ಣ” ಎನ್ನುವುದು. ಒಂದೇ ವಾರದಲ್ಲಿ ಆ ಮನುಷ್ಯನ ವರ್ಷದ ಮಾತೆಲ್ಲ ಖರ್ಚಾಯಿತು. ನಾನು ತಂದಿದ್ದ ಬುತ್ತಿಯನ್ನು ಹೊಸಿಲ ಆಚೆ ಕೂತು ತಿಂದೆ. ನೀನು ಕಿಟಕಿಯಿಂದ ನೋಡುತ್ತಿದ್ದೆ ಎಂದು ನನಗೆ ಗೊತ್ತು.

ಈಗ ಸಮಾಚಾರ ಕೇಳು. ಮೊನ್ನೆ ಸಾಹೇಬರು ಅಡುಗೆಮನೆ ಕೆಡವಲು ಆಳುಗಳನ್ನು ಕರೆದುಕೊಂಡು ಹೊರಟಿದ್ದರು. ನಾನು ಅಡ್ಡ ನಿಂತೆ.

“ಸಾರ್, ಮೊದಲು ಕ್ಷೌರದಂಗಡಿ ಕಡೆ ಉಬ್ಬಿದ್ದು ನೋಡಿ. ಈ ಅಡುಗೆಮನೆಯ ಅಡ್ಡಗೋಡೆ ಎರಡೂ ಈಗ ಕೋಟೆ ಗೋಡೆಗೆ ಆಸರೆ. ಒಳಗೆ ತುಂಬಿರೋ ಗಾರೆ ಇನ್ನೂ ಹಸಿ. ಈಗ ಆಸರೆ ತೆಗೆದ್ರೆ ಗೋಡೆ ನಿಮ್ಮ ಕಾಲ ಮೇಲೆ ಬರುತ್ತೆ.”

ಸಾಹೇಬರು ತೂಕದ ಗುಂಡು ಇಳಿಬಿಡಿಸಿ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲೇ ನಿಂತು ಆದೇಶ ಬರೆದರು. ಪ್ರತಿ ಇದರ ಜೊತೆ ಇಟ್ಟಿದ್ದೇನೆ: ‘ಕ್ರಮಸಂಖ್ಯೆ ಹದಿನಾಲ್ಕು. ಒಳಗಿನ ಗಾರೆ ಸಂಪೂರ್ಣ ಗಟ್ಟಿಯಾಗುವವರೆಗೆ ಸದರಿ ಅಡುಗೆಮನೆಯನ್ನು ಕೆಡವತಕ್ಕದ್ದಲ್ಲ.’

ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗುವುದು. ಹತ್ತು ಅಡಿ ಗೋಡೆಯ ಹೊಟ್ಟೆಗೆ ಗಾಳಿ ಹೋಗಿ ಮುಟ್ಟಬೇಕಾದರೆ ಕಡಿಮೆ ಅಂದರೂ ನೂರು ವರ್ಷ ಬೇಕು ಎಂದು ಅಪ್ಪ ಹೇಳುತ್ತಿದ್ದರು. ಎಷ್ಟು ದಿನ ಬೇಕು ಎಂದು ಸಾಹೇಬರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೀರಿನ ಬಾಯಲ್ಲಿ ಒಂದು ಗೇಣು ಆಳ ತುಂಬದೆ ಬಿಟ್ಟಿದ್ದೇನೆ. ಡಬ್ಬಿ ಇಟ್ಟುಕೋ. ಅಮ್ಮನ ಗೆರೆಯ ಕಲ್ಲಿಗೆ ಒಂದು ಹನಿ ಗಾರೆಯೂ ತಾಗಿಲ್ಲ.

ತಮ್ಮ


ಜುಲೈ 12

ತಮ್ಮಾ,

ನಿನ್ನ ಕೆಲಸದ ಮೇಲೆ ಒಂದು ದೂರು ಇದೆ.

ಇವತ್ತು ಬೆಳಿಗ್ಗೆ ಈರುಳ್ಳಿ ಹುರಿದೆ. ಅದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಮೂರು ಜನರಿಗಾಗುವಷ್ಟು ಅಡುಗೆ ಮಾಡಿದೆ. ಹನ್ನೆರಡು ಗಂಟೆಗೆ ಸೌಟು ತೆಗೆದುಕೊಂಡು ನೀನು ತುಂಬಿದ ಕಡೆ ಮೂರು ಸಲ ಬಡಿದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಮೂರು ಸಲ ಬಡಿದೆ. ಸೌಟಿನ ಹಿಡಿ ಬಾಗಿತೇ ಹೊರತು ಆಚೆಯಿಂದ ಸದ್ದಿಲ್ಲ. ಎಂಥ ಗೋಡೆ ಕಟ್ಟಿದ್ದೀಯೋ ಮಾರಾಯ, ದಪ್ ಎನ್ನುವುದೂ ಸರಿಯಾಗಿ ಎನ್ನುವುದಿಲ್ಲ.

ಕಿಂಡಿ ಹತ್ತಿ ಕೂಗುವ ವಯಸ್ಸಲ್ಲ ನನ್ನದು. ಭಾವನನ್ನು ಕಳಿಸಿದೆ. ಹೋಗಿ, ನಿನ್ನನ್ನು ನೋಡಿ, ವಾಪಸು ಬಂದರು. ನೀನು ಕುರ್ಚಿ ಹಾಕಿಕೊಂಡು ಗೋಡೆಗೆ ಒರಗಿ ಕಿಂಡಿಯನ್ನೇ ನೋಡುತ್ತಾ ಕೂತಿದ್ದೀಯಂತೆ. “ಹೇಳಿದ್ರಾ?” ಎಂದರೆ ತಲೆ ಕೆರೆದುಕೊಂಡರು. ಇವತ್ತಿನ ನಾಲ್ಕು ಮಾತು ಬೆಳಿಗ್ಗೆಯೇ ಮುಗಿದಿತ್ತಂತೆ. ಫೋನು ಮಾಡಬಹುದಿತ್ತು, ಆದರೆ ಐದು ತಿಂಗಳು ಬಿಟ್ಟ ಮಾತನ್ನು ಫೋನಿನಲ್ಲಿ ಶುರು ಮಾಡಲು ನನಗೆ ಮನಸ್ಸಿಲ್ಲ.

ಅದಕ್ಕೇ ಅಂಚೆಯಣ್ಣನನ್ನು ಎದುರಿಗೇ ಕೂರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇದೇ ಕಡೆಯ ಕಾಗದ ಎಂದು ಅವನ ಮಂಡಿಗೆ ಮಾತು ಕೊಟ್ಟಿದ್ದೇನೆ.

ಹೆಬ್ಬಾಗಿಲು ಸುತ್ತಿಕೊಂಡು ಬೇಗ ಬಾ, ಆರಿಹೋಗುತ್ತದೆ. ಬಂದ ಕೂಡಲೇ ಆ ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲು, ಅಳೆಯುವುದಿದೆ. ಹಿಮ್ಮಡಿ ಎತ್ತಬೇಡ.

ಊಟಕ್ಕೆ ಬಾ.

ಅಕ್ಕ